ಮನೆಯ ಬೆಕ್ಕೂ ಕುಂಡದ ಗಿಡಗಳೂ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬೆಕ್ಕಿನ ಚೆಲ್ಲಾಟವು ಬೆಕ್ಕಿಗೇ ಪ್ರಾಣಸಂಕಟವಾಗಿ ಪರಿಣಮಿಸುವ ಸಂದರ್ಭವೂ ಒಂದುಂಟು. ಅದು ಒದಗುವುದು ಬೀದಿಯಲ್ಲಿ ಅಲ್ಲ, ನಾಯಿಗಳ ನಡುವೆಯೂ ಅಲ್ಲ. ನಮ್ಮ ಮನೆಯ ಗ್ಯಾಲರಿಯಲ್ಲಿ, ನಾವೇ ಪ್ರೀತಿಯಿಂದ ನೀರೆರೆದು ಬೆಳೆಸಿದ ಕುಂಡದ ಬಳಿಯಲ್ಲಿ. ನಮ್ಮ ಪುಣೆಯು ಗಿಡಗಳನ್ನು ಪ್ರೀತಿಸುವ ಊರು. ಪ್ರತಿವರ್ಷ ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪಪ್ರದರ್ಶನಕ್ಕೆ ಜನರು ಸಾಲುಗಟ್ಟಿ ಹೋಗುವುದನ್ನೂ, ಸೋಲಾಪುರ ರಸ್ತೆಯ ಇಕ್ಕೆಲದ ನರ್ಸರಿಗಳಿಂದ ಕುಂಡಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ತರುವುದನ್ನೂ ನೀವೆಲ್ಲರೂ ನೋಡಿರುತ್ತೀರಿ. ಪೇಟೆಯ ಹಳೆಯ ವಾಡೆಗಳಲ್ಲಾಗಲಿ, ಕೋಥರೂಡದ ಎತ್ತರದ ಕಟ್ಟಡಗಳಲ್ಲಾಗಲಿ, ಗಿಡವಿಲ್ಲದ ಮನೆ ಅಪರೂಪ. ಬೆಕ್ಕಿರುವ ಮನೆಗಳೂ ಕಡಿಮೆಯೇನಲ್ಲ. ಇವೆರಡೂ ಒಂದೇ ಸೂರಿನಡಿಯಲ್ಲಿ ಹೊಂದಿಕೊಂಡು ಬಾಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಬಿಳಿಯ ಬೆಕ್ಕೊಂದಿತ್ತು. ಒಂದು ಸಮಾರಂಭದಲ್ಲಿ ದೊರೆತ ಹೂಗುಚ್ಛವನ್ನು ಮನೆಗೆ ತಂದು, ನೀರು ತುಂಬಿದ ಹೂದಾನಿಯಲ್ಲಿರಿಸಿ, ಮೇಜಿನ ಮೇಲಿಟ್ಟೆವು. ಅದರಲ್ಲಿ ಅಗಲವಾದ ದಳಗಳ ಬಿಳಿಯ ಲಿಲಿ ಹೂಗಳಿದ್ದವು. ಬೆಕ್ಕು ಮೇಜನ್ನೇರಿ ಹೂವನ್ನು ಮೂಸಿತು, ಬೆನ್ನು ಉಜ್ಜಿತು. ಅದರ ಬಿಳಿಯ ರೋಮಕ್ಕೆ ಕೇಸರಿಬಣ್ಣದ ಪರಾಗವು ಅಂಟಿ, ಬೆಕ್ಕು ಕುಂಕುಮಾರ್ಚನೆಯಿಂದ ಎದ್ದುಬಂದಂತೆ ಕಾಣಿಸಿತು. ಮನೆಮಂದಿಯೆಲ್ಲ ನಕ್ಕೆವು. ಬೆಕ್ಕು ಒಂದು ಮೂಲೆಯಲ್ಲಿ ಕುಳಿತು, ತನ್ನ ಪದ್ಧತಿಯಂತೆ ಮೈಯನ್ನೆಲ್ಲ ನೆಕ್ಕಿ ಸ್ವಚ್ಛಮಾಡಿಕೊಂಡಿತು. ಆ ರಾತ್ರಿ ಅದು ಎರಡು ಮೂರು ಸಲ ವಾಂತಿ ಮಾಡಿತು. ಮರುದಿನ ಸ್ವಲ್ಪ ಚೇತರಿಸಿಕೊಂಡಂತೆ ತೋರಿದ್ದರಿಂದ ನಾವು ಸುಮ್ಮನಾದೆವು. ಮೂರನೆಯ ದಿನ ಅದು ಹಾಲನ್ನೂ ಮುಟ್ಟದೆ ಮಂಚದ ಕೆಳಗೆ ಮುದುಡಿ ಕುಳಿತಾಗ ಪಶುವೈದ್ಯರ ಬಳಿಗೆ ಒಯ್ದೆವು. ಅವರು ಪರೀಕ್ಷಿಸಿ ಕೇಳಿದ ಮೊದಲನೆಯ ಪ್ರಶ್ನೆ, ‘ಮನೆಯಲ್ಲಿ ಲಿಲಿ ಹೂ ಇತ್ತೇ?’ ಎಂಬುದು. ಮೂತ್ರಪಿಂಡಗಳು ಆಗಲೇ ಕೆಲಸ ನಿಲ್ಲಿಸಿದ್ದವು. ಐದನೆಯ ದಿನ ಬೆಕ್ಕು ತೀರಿಕೊಂಡಿತು. ನಾವು ನಗುತ್ತ ನಿಂತಿದ್ದ ಆ ಗಳಿಗೆಯಲ್ಲಿಯೇ ಒಂದು ಒದ್ದೆಯ ಬಟ್ಟೆಯಿಂದ ಅದರ ಮೈಯನ್ನು ಒರೆಸಿ, ಕೂಡಲೇ ವೈದ್ಯರ ಬಳಿಗೆ ಹೋಗಿದ್ದರೆ ಅದು ಉಳಿಯುತ್ತಿತ್ತೆಂದು ಅನಂತರ ತಿಳಿದಾಗ ನಮಗಾದ ವ್ಯಥೆಯನ್ನು ಇಲ್ಲಿ ವಿವರಿಸುವುದು ಬೇಡ. ನಮಗೆ ತಡವಾಗಿ ತಿಳಿದುದು ನಿಮಗೆ ಮೊದಲೇ ತಿಳಿದಿರಲೆಂಬುದಷ್ಟೇ ನಮ್ಮ ಉದ್ದೇಶ.

ಬೆಕ್ಕು ಮಾಂಸಾಹಾರಿ. ಹೀಗಿರಲು ಅದಕ್ಕೆ ಎಲೆ ಹೂಗಳ ಗೊಡವೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಮೂರು ಕಾರಣಗಳುಂಟು. ಹುಲ್ಲನ್ನು ಅಗಿಯುವುದು ಬೆಕ್ಕಿನ ಹುಟ್ಟುಗುಣ. ಆರೋಗ್ಯವಾಗಿರುವ ಬೆಕ್ಕೂ ಅಂಗಳದ ಗರಿಕೆಯನ್ನು ಕಚ್ಚಿ ತಿನ್ನುವುದನ್ನು ಹಳ್ಳಿಯಿಂದ ಬಂದ ನಿಮ್ಮ ಅಜ್ಜ ಅಜ್ಜಿಯರು ಕಂಡಿದ್ದಾರು. ಅಂಗಳವಿಲ್ಲದ ಮೂರನೆಯ ಮಹಡಿಯಲ್ಲಿ ಬೆಳೆದ ಬೆಕ್ಕಿಗೆ ಗರಿಕೆ ಎಲ್ಲಿಂದ ಬರಬೇಕು? ಆದುದರಿಂದ ಅದು ಕೈಗೆಟುಕಿದ ಎಲೆಯನ್ನೇ ಕಚ್ಚುತ್ತದೆ. ಎರಡನೆಯದಾಗಿ, ಅಲುಗಾಡುವುದೆಲ್ಲವೂ ಬೆಕ್ಕಿನ ಕಣ್ಣಿಗೆ ಬೇಟೆ. ಗಾಳಿಗೆ ತೂಗುವ ಬಳ್ಳಿಯ ತುದಿಯನ್ನು ಅದು ಇಲಿಯ ಬಾಲವೆಂದೇ ಎಣಿಸಿ ಹಿಡಿಯುತ್ತದೆ, ಹಿಡಿದುದನ್ನು ಕಚ್ಚುತ್ತದೆ. ಮೂರನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯವಾದುದು. ಬೆಕ್ಕು ತಾನು ಎಚ್ಚರವಾಗಿರುವ ಹೊತ್ತಿನ ಸಾಕಷ್ಟು ಭಾಗವನ್ನು ಮೈ ನೆಕ್ಕಿಕೊಳ್ಳುವುದರಲ್ಲಿ ಕಳೆಯುತ್ತದೆ. ಅದರ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿದ್ದು, ಅವು ಬಾಚಣಿಗೆಯಂತೆ ಕೆಲಸ ಮಾಡುತ್ತವೆ. ಹೀಗಾಗಿ ಬೆಕ್ಕಿನ ಮೈಗೆ ಅಂಟಿದುದೆಲ್ಲವೂ ಸ್ವಲ್ಪ ಹೊತ್ತಿನಲ್ಲಿಯೇ ಅದರ ಹೊಟ್ಟೆಯನ್ನು ಸೇರಿಬಿಡುತ್ತದೆ. ಗಿಡವನ್ನು ತಿನ್ನದ ಬೆಕ್ಕಿಗೂ ಗಿಡದ ವಿಷವು ತಗಲುವುದು ಈ ದಾರಿಯಿಂದ.

ಇಷ್ಟೇ ಅಲ್ಲದೆ, ಬೆಕ್ಕಿನ ಶರೀರರಚನೆಯಲ್ಲಿಯೇ ಒಂದು ಕೊರತೆಯುಂಟು. ನಮ್ಮ ಮನೆಯ ಬೆಕ್ಕುಗಳ ಮೂಲಪುರುಷನು ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕಗಳ ಒಣಭೂಮಿಯ ಕಾಡುಬೆಕ್ಕು. ಮನುಷ್ಯನು ವ್ಯವಸಾಯವನ್ನಾರಂಭಿಸಿ ಧಾನ್ಯವನ್ನು ಕೂಡಿಡತೊಡಗಿದಾಗ ಇಲಿಗಳು ಬಂದವು; ಇಲಿಗಳ ಬೆನ್ನುಹತ್ತಿ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯೫೦೦ ವರ್ಷಗಳಷ್ಟು ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಲ್ಪಟ್ಟ ಬೆಕ್ಕಿನ ಅಸ್ಥಿಪಂಜರವು ದೊರೆತಿರುವುದಾಗಿ ೨೦೦೪ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಷ್ಟು ಹಳೆಯದು ಈ ಸ್ನೇಹ. ಆದರೆ ಬೆಕ್ಕು ಎಂದೂ ಕಾಯಿಪಲ್ಲೆಗಳನ್ನು ನಂಬಿ ಬದುಕಿದ ಪ್ರಾಣಿಯಲ್ಲ. ಸಸ್ಯಗಳನ್ನು ತಿನ್ನುವ ಪ್ರಾಣಿಗಳ ಯಕೃತ್ತು, ಅಂದರೆ ಪಿತ್ತಜನಕಾಂಗವು, ಎಲೆ ಬೇರುಗಳಲ್ಲಿನ ಅನೇಕ ಅಪಾಯಕರ ವಸ್ತುಗಳಿಗೆ ಗ್ಲುಕುರಾನಿಕ್ ಆಮ್ಲವೆಂಬ ಪದಾರ್ಥವನ್ನು ಜೋಡಿಸಿ, ಅವು ನೀರಿನಲ್ಲಿ ಕರಗಿ ಮೂತ್ರದ ಮೂಲಕ ಹೊರಬೀಳುವಂತೆ ಮಾಡುತ್ತದೆ. ಈ ಜೋಡಣೆಯ ಕೆಲಸವನ್ನು ಮಾಡುವ ಒಂದು ಮುಖ್ಯ ಕಿಣ್ವವು ಬೆಕ್ಕಿನಲ್ಲಿ ಇಲ್ಲವಾಗಿದೆ. ಉಪಯೋಗಿಸದ ಆಯುಧವು ತುಕ್ಕು ಹಿಡಿಯುವಂತೆ, ಮಾಂಸವನ್ನೇ ತಿಂದು ಬಾಳಿದ ಅದರ ವಂಶದಲ್ಲಿ ಆ ಕಿಣ್ವದ ಜೀನು ಕೆಟ್ಟುಹೋಗಿದೆ. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯು ಬೆಕ್ಕಿಗೆ ಮಾರಕವಾಗುವುದಕ್ಕೂ ಇದೇ ಕಾರಣ. ‘ಬೆಕ್ಕಿಗೆ ಮೈ ಬಿಸಿಯಾಗಿದೆ, ಅರ್ಧ ಮಾತ್ರೆ ಕೊಡೋಣ’ ಎಂದು ಯಾರಾದರೂ ಹೇಳಿದರೆ ಅವರನ್ನು ತಡೆಯಿರಿ. ಇದಲ್ಲದೆ ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದೆಂಬುದನ್ನು ೨೦೦೫ರಲ್ಲಿ ವಿಜ್ಞಾನಿಗಳು ಅದರ ಜೀನುಗಳ ಅಧ್ಯಯನದಿಂದ ತೋರಿಸಿಕೊಟ್ಟರು. ಬೆಕ್ಕು ಹೊರನೋಟಕ್ಕೆ ನಮ್ಮ ಮನೆಯ ಕೂಸಿನಂತಿದ್ದರೂ, ಒಳಗೆ ಅದು ನಮ್ಮಿಂದ ತೀರ ಬೇರೆಯಾದ ಜೀವವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಗಿಡಗಳ ವಿಚಾರಕ್ಕೆ ಬರೋಣ. ವಿಷದ ಗಿಡಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವು ಬಾಯಿಯನ್ನು ಸುಡುತ್ತವೆ. ಕೆಲವು ಹೃದಯವನ್ನು ಹಿಡಿಯುತ್ತವೆ. ಕೆಲವು ಯಕೃತ್ತನ್ನೋ ಮೂತ್ರಪಿಂಡವನ್ನೋ ಸದ್ದಿಲ್ಲದೆ ಕೆಡಿಸುತ್ತವೆ.

ಬಾಯಿಯನ್ನು ಸುಡುವ ಗಿಡಗಳ ಪರಿಚಯವು ನಮಗೆ ಅಡುಗೆಯ ಮನೆಯಲ್ಲಿಯೇ ಆಗಿರುತ್ತದೆ. ಕರಾವಳಿಯ ಕಡೆಯಿಂದ ಬಂದವರ ಮನೆಯಲ್ಲಿ ಮಳೆಗಾಲದಲ್ಲಿ ಪತ್ರೊಡೆ ಮಾಡುತ್ತಾರೆ. ನೆರೆಯ ಮರಾಠಿ ಮನೆಗಳಲ್ಲಿ ಅಳೂಚಿ ವಡಿ ಮಾಡುತ್ತಾರೆ. ಎರಡಕ್ಕೂ ಕೆಸುವಿನ ಎಲೆಯೇ ಬೇಕು. ಸರಿಯಾಗಿ ಬೇಯದ ಕೆಸುವನ್ನು ತಿಂದವರಿಗೆ ಗಂಟಲು ಕೆರೆಯುವುದೂ, ಅದನ್ನು ತಡೆಯಲೆಂದು ತಾಯಂದಿರು ಹುಣಿಸೆಹುಳಿಯನ್ನು ಧಾರಾಳವಾಗಿ ಸೇರಿಸುವುದೂ ನಿಮಗೆ ಗೊತ್ತು. ಈ ತುರಿಕೆಗೆ ಕಾರಣವೇನೆಂದರೆ, ಕೆಸುವಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು ಸೂಜಿಗಳ ಕಟ್ಟಿನಂತೆ ಜೋಡಿಸಲ್ಪಟ್ಟಿರುತ್ತವೆ. ಎಲೆಯನ್ನು ಕಚ್ಚಿದೊಡನೆ ಈ ಸೂಜಿಗಳು ಚಿಮ್ಮಿ ನಾಲಗೆಗೂ ಗಂಟಲಿಗೂ ಚುಚ್ಚಿಕೊಳ್ಳುತ್ತವೆ. ಮನೆಯೊಳಗೆ ಅಲಂಕಾರಕ್ಕೆಂದು ಇಡುವ ಮನಿ ಪ್ಲಾಂಟ್, ಡೀಫೆನ್‌ಬಾಕಿಯಾ, ಫಿಲೊಡೆಂಡ್ರಾನ್, ಪೀಸ್ ಲಿಲಿ ಮೊದಲಾದವುಗಳೆಲ್ಲ ಕೆಸುವಿನ ಕುಟುಂಬದವೇ. ಡೀಫೆನ್‌ಬಾಕಿಯಾಕ್ಕೆ ಇಂಗ್ಲಿಷಿನಲ್ಲಿ ‘ಮೂಕರ ಬೆತ್ತ’ ಎಂಬರ್ಥದ ಹೆಸರು ಬಂದಿರುವುದೇ, ಅದನ್ನು ಅಗಿದವರ ನಾಲಗೆ ಊದಿಕೊಂಡು ಮಾತು ನಿಲ್ಲುವುದರಿಂದ. ಬೆಕ್ಕು ಇವುಗಳನ್ನು ಕಚ್ಚಿದರೆ ಜೊಲ್ಲು ಸುರಿಸುತ್ತದೆ, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ವಾಂತಿ ಮಾಡುತ್ತದೆ. ನೋಡುವುದಕ್ಕೆ ಭಯವೆನಿಸಿದರೂ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿರುವುದಿಲ್ಲ. ಆದರೆ ಗಂಟಲು ಊದಿ ಉಸಿರಾಟಕ್ಕೆ ತೊಡಕಾದರೆ ತಡಮಾಡಲಾಗದು.

ಇಲ್ಲಿ ತೆನಾಲಿರಾಮನ ಬೆಕ್ಕಿನ ಕಥೆಯನ್ನು ನೆನೆಯುವುದು ಯೋಗ್ಯ. ರಾಯರು ಬೆಕ್ಕನ್ನು ಸಾಕಲೆಂದು ಹಸುವನ್ನು ಕೊಟ್ಟರೆ, ರಾಮಕೃಷ್ಣನು ಮೊದಲನೆಯ ದಿನವೇ ಕುದಿಯುವ ಹಾಲನ್ನಿಟ್ಟು ಬೆಕ್ಕಿನ ಬಾಯಿ ಸುಡಿಸಿದನೆಂದೂ, ಅಂದಿನಿಂದ ಅದು ಹಾಲನ್ನು ಕಂಡರೆ ಓಡಿಹೋಗುತ್ತಿತ್ತೆಂದೂ ಕಥೆ. ಕಥೆಯು ವಿನೋದಕ್ಕಾಗಿ ಹುಟ್ಟಿದುದಾದರೂ ಅದರೊಳಗೆ ಒಂದು ಸತ್ಯವಿದೆ: ನೋವು ಕೂಡಲೇ ಉಂಟಾದರೆ ಬೆಕ್ಕು ಪಾಠ ಕಲಿಯುತ್ತದೆ. ಮನಿ ಪ್ಲಾಂಟನ್ನು ಒಮ್ಮೆ ಕಚ್ಚಿದ ಬೆಕ್ಕು ಮತ್ತೊಮ್ಮೆ ಕಚ್ಚಲು ಹಿಂಜರಿಯಬಹುದು. ಆದರೆ ಯಾವ ಗಿಡದ ವಿಷವು ಬಾಯಿಯನ್ನು ಸುಡದೆ ಮರುದಿನವೋ ಮೂರನೆಯ ದಿನವೋ ತನ್ನ ಪ್ರಭಾವವನ್ನು ತೋರಿಸುತ್ತದೆಯೋ, ಅದರಿಂದ ಬೆಕ್ಕು ಏನನ್ನೂ ಕಲಿಯಲಾರದು. ‘ಪ್ರಾಣಿಗಳಿಗೆ ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ’ ಎಂಬ ಮಾತು ಲೋಕದಲ್ಲಿ ಪ್ರಚಲಿತವಾಗಿದೆ. ಅದನ್ನು ಪೂರ್ತಿಯಾಗಿ ನಂಬುವುದು ತಪ್ಪೆಂಬುದು ಇದರಿಂದ ಸಿದ್ಧವಾಗುತ್ತದೆ. ಬಾಯಿ ಸುಡುವ ಗಿಡಕ್ಕಿಂತ ಬಾಯಿ ಸುಡದ ಗಿಡವೇ ಹೆಚ್ಚು ಭಯಂಕರ.

ಅಂತಹ ಗಿಡಗಳಲ್ಲಿ ಮೊದಲನೆಯದು ಲಿಲಿ. ಹೂಗುಚ್ಛಗಳಲ್ಲಿ ಕಾಣುವ ನಿಜವಾದ ಲಿಲಿಗಳೂ, ತೋಟಗಳಲ್ಲಿ ಬೆಳೆಸುವ ‘ಡೇ ಲಿಲಿ’ಗಳೂ ಬೆಕ್ಕಿನ ಮೂತ್ರಪಿಂಡಗಳನ್ನು ನಾಶಮಾಡುತ್ತವೆ. ಎಲೆ, ದಳ, ಕಾಂಡ, ಪರಾಗ, ಕೊನೆಗೆ ಹೂದಾನಿಯಲ್ಲಿನ ನೀರು ಕೂಡ ವಿಷಮಯ. ಒಂದೆರಡು ಎಲೆಗಳೇ ಪ್ರಾಣ ತೆಗೆಯಲು ಸಾಕು. ಆಶ್ಚರ್ಯವೆಂದರೆ, ನಾಯಿಯು ಇದೇ ಲಿಲಿಯನ್ನು ತಿಂದರೆ ಹೊಟ್ಟೆ ಕೆಡಿಸಿಕೊಳ್ಳಬಹುದೇ ಹೊರತು ಅದರ ಮೂತ್ರಪಿಂಡಗಳಿಗೆ ಏನೂ ಆಗದು. ಬೆಕ್ಕಿನಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ವಾಂತಿಯಾಗುತ್ತದೆ. ಅನಂತರ ರೋಗ ಇಳಿದಂತೆ ತೋರುತ್ತದೆ. ಒಂದರಿಂದ ಮೂರು ದಿನಗಳೊಳಗೆ ಮೂತ್ರವು ಕಟ್ಟುತ್ತದೆ. ಚಿಕಿತ್ಸೆಯಾಗದಿದ್ದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮರಣ. ನಡುವಿನ ಆ ಸುಳ್ಳು ಚೇತರಿಕೆಯೇ ನಮ್ಮನ್ನೂ ಮೋಸಗೊಳಿಸಿದುದು. ವಿಷ ಸೇರಿದ ಸುಮಾರು ೧೮ ಗಂಟೆಗಳೊಳಗಾಗಿ ವೈದ್ಯರು ರಕ್ತನಾಳದ ಮೂಲಕ ಲವಣಜಲವನ್ನು ಏರಿಸಲಾರಂಭಿಸಿ ಎರಡು ಮೂರು ದಿನ ಮುಂದುವರಿಸಿದರೆ, ಬಹುಮಟ್ಟಿಗೆ ಬೆಕ್ಕನ್ನು ಉಳಿಸಬಹುದು. ಹೆಸರಿನಲ್ಲಿ ಲಿಲಿ ಎಂದಿರುವುದೆಲ್ಲವೂ ಲಿಲಿಯಲ್ಲ ಎಂಬುದನ್ನೂ ಗಮನಿಸಬೇಕು. ಮೇಲೆ ಹೇಳಿದ ಪೀಸ್ ಲಿಲಿಯು ಕೆಸುವಿನ ಬಂಧು. ಅದು ಬಾಯಿ ಸುಟ್ಟು ಬಿಡುತ್ತದೆ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವು, ಮರಾಠಿಯ ಕಳಲಾವಿ, ಲಿಲಿಯ ಜಾತಿಯದಲ್ಲದಿದ್ದರೂ ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಉಗ್ರವಿಷವಿದ್ದು, ಬೆಕ್ಕಿಗೆ ಮಾತ್ರವಲ್ಲ, ಮನುಷ್ಯನಿಗೂ ಮಾರಕವಾಗಿದೆ.

ಹೃದಯವನ್ನು ಹಿಡಿಯುವ ಗಿಡಗಳು ನಮ್ಮ ಮನೆಗೆ ಬರುವುದು ಬಹು ಗೌರವದಿಂದ. ಭಾದ್ರಪದ ಮಾಸದಲ್ಲಿ ಗಣಪತಿಯ ಪೂಜೆಗೆಂದು ಇಪ್ಪತ್ತೊಂದು ಪತ್ರೆಗಳನ್ನು ಕೂಡಿಸುವ ಸಂಪ್ರದಾಯವಿದೆಯಷ್ಟೆ. ಲೋಕಮಾನ್ಯ ತಿಲಕರ ಪ್ರೇರಣೆಯಿಂದ ೧೮೯೩ರ ಸುಮಾರಿಗೆ ಸಾರ್ವಜನಿಕ ಗಣೇಶೋತ್ಸವವು ಬೆಳೆದ ಈ ಪುಣೆಯಲ್ಲಿ, ಹಬ್ಬದ ಹಿಂದಿನ ದಿನ ಮಂಡಈಯ ಸುತ್ತಮುತ್ತ ಪತ್ರೆಗಳ ಕಟ್ಟುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬರುತ್ತವೆ. ಆ ಇಪ್ಪತ್ತೊಂದರಲ್ಲಿ ಗರಿಕೆ, ಬಿಲ್ವ, ತುಳಸಿ, ಮಾವು, ದಾಳಿಂಬೆಗಳಿರುವಂತೆಯೇ, ಕರವೀರ, ಅರ್ಕ, ಧತ್ತೂರಗಳೂ ಇವೆ. ಕರವೀರವೆಂದರೆ ಕಣಗಿಲೆ, ಮರಾಠಿಯಲ್ಲಿ ಕಣ್ಹೇರ. ಅದರ ಪ್ರತಿಯೊಂದು ಭಾಗದಲ್ಲಿಯೂ ಒಲಿಯಾಂಡ್ರಿನ್ ಮೊದಲಾದ ವಿಷಗಳಿದ್ದು, ಅವು ಹೃದಯದ ಬಡಿತದ ಲಯವನ್ನೇ ಕೆಡಿಸುತ್ತವೆ. ಹಳದಿ ಹೂವಿನ ಕಣಗಿಲೆಯೂ ಇಷ್ಟೇ ಅಪಾಯಕರ. ಅರ್ಕವೆಂದರೆ ಎಕ್ಕ, ಅದರ ಹಾಲು ಕಣ್ಣನ್ನೂ ಬಾಯಿಯನ್ನೂ ಉರಿಸುವುದಲ್ಲದೆ, ಹೃದಯಕ್ಕೂ ಹಾನಿ ಮಾಡುತ್ತದೆ. ಧತ್ತೂರವೆಂದರೆ ಉಮ್ಮತ್ತಿ, ಅದು ಕಣ್ಣಿನ ಪಾಪೆಯನ್ನು ಹಿಗ್ಗಿಸಿ, ಬಾಯನ್ನು ಒಣಗಿಸಿ, ಮತಿಭ್ರಮಣೆಯನ್ನುಂಟುಮಾಡುತ್ತದೆ. ಪೂಜೆಗೆ ಇವು ಬೇಡವೆಂದು ನಾವು ಹೇಳುವುದಿಲ್ಲ. ಪೂಜೆ ಮುಗಿದ ಬಳಿಕ ನಿರ್ಮಾಲ್ಯವು ದೇವರ ಮುಂದಿನ ನೆಲದ ಮೇಲೆ ರಾತ್ರಿಯಿಡೀ ಬಿದ್ದಿರದಂತೆ ನೋಡಿಕೊಳ್ಳಬೇಕೆಂಬುದಷ್ಟೇ ನಮ್ಮ ಮಾತು. ಬಾಡಿದ ಎಲೆಯಲ್ಲಿಯೂ ಕಣಗಿಲೆಯ ವಿಷವು ಉಳಿದಿರುತ್ತದೆ. ನಿರ್ಮಾಲ್ಯವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಸಿಟ್ಟು, ವಿಸರ್ಜನೆಯ ಘಾಟಿನಲ್ಲಿ ಮಹಾನಗರಪಾಲಿಕೆಯವರು ಇರಿಸುವ ನಿರ್ಮಾಲ್ಯ ಕಲಶದಲ್ಲಿ ಹಾಕಿದರೆ, ದೇವರ ಮರ್ಯಾದೆಯೂ ಉಳಿಯಿತು, ನದಿಯೂ ಶುದ್ಧವಾಯಿತು, ಬೆಕ್ಕೂ ಬದುಕಿತು.

ಇನ್ನೊಂದು ಗಿಡವನ್ನು ವಿದ್ಯಾರ್ಥಿಗಳೇ ಮನೆಗೆ ತರುವುದುಂಟು. ಕಾಡುಬಸಳೆಯ ದಪ್ಪನೆಯ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟರೆ ಅದರ ಅಂಚಿನಿಂದ ಮರಿಗಿಡಗಳು ಹುಟ್ಟುತ್ತವೆ. ಎಲೆಯಿಂದ ಗಿಡ ಹುಟ್ಟುವ ಈ ಚಮತ್ಕಾರವನ್ನು ತೋರಿಸದ ವಿಜ್ಞಾನದ ಗುರುಗಳೇ ಇಲ್ಲವೆನ್ನಬಹುದು. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡವೂ, ಅಂಗಡಿಗಳಲ್ಲಿ ಬಣ್ಣಬಣ್ಣದ ಹೂಗೊಂಚಲಿನೊಡನೆ ಮಾರುವ ಅದರ ಬಂಧುವಾದ ಕಲಾಂಚೋವೂ ಹೃದಯದ ಮೇಲೆ ಪರಿಣಾಮ ಮಾಡುವ ವಿಷವನ್ನು ಹೊಂದಿವೆ. ಪ್ರಯೋಗವನ್ನು ಅವಶ್ಯವಾಗಿ ಮಾಡಿರಿ. ಆದರೆ ಮರಿಗಿಡಗಳನ್ನು ಬೆಕ್ಕು ಏರಲಾರದ ಸ್ಥಳದಲ್ಲಿ ಇಡಿರಿ. ಕಟ್ಟಡಗಳ ಹೆಬ್ಬಾಗಿಲಿನಲ್ಲಿ ಚಿಕ್ಕ ತಾಳೆಮರದಂತೆ ಕಾಣುವ ಸೈಕಾಸ್ ಎಂಬುದೊಂದು ಗಿಡವಿರುತ್ತದೆ. ಅದು ತಾಳೆಯಲ್ಲ. ಅದರ ಎಲೆಯೂ, ವಿಶೇಷವಾಗಿ ಅದರ ಬೀಜವೂ, ಯಕೃತ್ತನ್ನು ಹಾಳುಮಾಡುತ್ತವೆ. ಮನೆಮದ್ದೆಂದು ಬೆಳೆಸುವ ಲೋಳೆಸರವು ನಮ್ಮ ಚರ್ಮಕ್ಕೆ ತಂಪಾದರೂ ಬೆಕ್ಕಿಗೆ ವಾಂತಿಭೇದಿಯನ್ನು ತರುತ್ತದೆ. ಮಲ್ಲಿಗೆಯ ಬಳ್ಳಿಯು ನಿರಪಾಯಕಾರಿ. ಆದರೆ ಅದರಂತೆಯೇ ಪರಿಮಳ ಬೀರುವ ರಾತ್ರಿರಾಣಿಯು ಬದನೆಯ ಕುಟುಂಬಕ್ಕೆ ಸೇರಿದ ವಿಷದ ಗಿಡ. ಪರಿಮಳವನ್ನು ನೋಡಿ ಗುಣವನ್ನು ನಿರ್ಣಯಿಸಲಾಗದು. ಗಿಡವಲ್ಲದಿದ್ದರೂ ಅಡುಗೆಮನೆಯ ಉಳ್ಳಾಗಡ್ಡಿ ಬೆಳ್ಳುಳ್ಳಿಗಳನ್ನು ಇಲ್ಲಿಯೇ ಹೆಸರಿಸಬೇಕು. ಅವು ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಆದಕಾರಣ ಒಗ್ಗರಣೆಯ ಸಾರು ಕಲಸಿದ ಅನ್ನವನ್ನು ಬೆಕ್ಕಿಗೆ ಹಾಕಬಾರದು.

‘ನಮ್ಮ ಹಿರಿಯರೂ ಬೆಕ್ಕು ಸಾಕಿದ್ದರು, ಗಿಡ ಬೆಳೆಸಿದ್ದರು, ಅವರಿಗೆ ಈ ಚಿಂತೆ ಇರಲಿಲ್ಲವಲ್ಲ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಮಂಜಸವಾದುದು. ಹಿರಿಯರಿಗೆ ತಮ್ಮ ಸುತ್ತಲಿನ ಗಿಡಗಳ ಗುಣಾವಗುಣಗಳು ಚೆನ್ನಾಗಿ ಗೊತ್ತಿದ್ದವು. ಎಕ್ಕದ ಹಾಲನ್ನು ಮುಟ್ಟಿದ ಕೈಯಿಂದ ಕಣ್ಣುಜ್ಜಬಾರದು, ಕಣಗಿಲೆಯ ಕಡ್ಡಿಯಿಂದ ಹಲ್ಲುಜ್ಜಬಾರದು ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಅವರ ಬೆಕ್ಕಿಗೆ ಹಿತ್ತಿಲೂ ಗರಿಕೆಯೂ ಇದ್ದವು. ಇಂದಿನ ನಮ್ಮ ಗ್ಯಾಲರಿಯ ಗಿಡಗಳಾದರೋ ಹೆಚ್ಚಾಗಿ ಪರದೇಶದವು. ಡೀಫೆನ್‌ಬಾಕಿಯಾ ಅಮೆರಿಕದ ಉಷ್ಣವಲಯದಿಂದ ಬಂದಿತು. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ದ್ವೀಪದಿಂದ. ಸೈಕಾಸ್ ಜಪಾನಿನ ಕಡೆಯಿಂದ. ಗಿಡಗಳು ಬಂದವು, ಅವುಗಳ ವಿಷಯದ ತಿಳಿವಳಿಕೆಯು ಅವುಗಳೊಡನೆ ಬರಲಿಲ್ಲ. ಹೊಸ ಸಸ್ಯವೊಂದು ಅರಿಯದೆ ಬಂದರೆ ಏನಾಗುತ್ತದೆಂಬುದಕ್ಕೆ ಪುಣೆಯ ಇತಿಹಾಸದಲ್ಲಿಯೇ ಉದಾಹರಣೆಯಿದೆ. ಮೈ ತುರಿಕೆಯನ್ನೂ ಉಬ್ಬಸವನ್ನೂ ತರುವ ಪಾರ್ಥೇನಿಯಮ್ ಎಂಬ ಕಳೆಯು ೧೯೫೦ರ ದಶಕದಲ್ಲಿ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದುದು ಇದೇ ಊರಿನಲ್ಲಿ. ಅನಂತರ ಅದು ದೇಶವನ್ನೆಲ್ಲ ವ್ಯಾಪಿಸಿತು. ಅಜ್ಜಿ ಹೇಳದಿದ್ದ ವಿಷಯವನ್ನು ಈಗ ನಾವು ಓದಿ ತಿಳಿದುಕೊಳ್ಳಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಬೆಕ್ಕನ್ನು ಓಡಿಸಬೇಕಾಗಿಲ್ಲ, ಗಿಡಗಳನ್ನೆಲ್ಲ ಕಿತ್ತೆಸೆಯಬೇಕಾಗಿಯೂ ಇಲ್ಲ. ಮೊದಲು ಮನೆಯಲ್ಲಿರುವ ಪ್ರತಿಯೊಂದು ಗಿಡದ ಹೆಸರನ್ನೂ ತಿಳಿದುಕೊಂಡು ಒಂದು ಹಾಳೆಯ ಮೇಲೆ ಬರೆಯಿರಿ. ಕನ್ನಡದ ಹೆಸರು, ಮರಾಠಿಯ ಹೆಸರು, ಶಾಸ್ತ್ರೀಯ ಹೆಸರು ಮೂರನ್ನೂ ಬರೆದರೆ ಉತ್ತಮ. ಏಕೆಂದರೆ ಊರೂರಿಗೆ ಹೆಸರು ಬದಲಾಗುತ್ತದೆ, ಶಾಸ್ತ್ರೀಯ ಹೆಸರು ಬದಲಾಗದು. ಹೆಸರು ತಿಳಿಯದ ಗಿಡವನ್ನು ನರ್ಸರಿಯವರಿಗೋ ಜೀವಶಾಸ್ತ್ರದ ಗುರುಗಳಿಗೋ ತೋರಿಸಿರಿ. ಅನಂತರ ಅವುಗಳನ್ನು ಮೂರು ಗುಂಪು ಮಾಡಿರಿ. ಲಿಲಿ, ಸೈಕಾಸ್, ಕಣಗಿಲೆಗಳಂಥ ಪ್ರಾಣಾಂತಿಕ ಗಿಡಗಳು ಬೆಕ್ಕಿರುವ ಮನೆಯಲ್ಲಿ ಇರಲೇಬಾರದು. ಅವುಗಳನ್ನು ಎತ್ತರದಲ್ಲಿಟ್ಟರೆ ಸಾಕೆಂದು ಎಣಿಸಬೇಡಿ; ಬೆಕ್ಕು ಏರಲಾರದ ಎತ್ತರವೆಂಬುದು ಸಾಮಾನ್ಯವಾದ ಮನೆಯಲ್ಲಿ ಇರುವುದಿಲ್ಲ, ಮತ್ತು ಪರಾಗವು ತಾನಾಗಿಯೇ ಕೆಳಗೆ ಉದುರುತ್ತದೆ. ಮನಿ ಪ್ಲಾಂಟ್‌ನಂಥ ಬಾಯಿ ಸುಡುವ ಗಿಡಗಳನ್ನು ಸೂರಿನಿಂದ ತೂಗುಹಾಕಿ, ಇಳಿಬಿದ್ದ ಬಳ್ಳಿಯನ್ನು ಆಗಾಗ ಕತ್ತರಿಸುತ್ತಿದ್ದರೆ ಬಹುಮಟ್ಟಿಗೆ ಸಾಕು. ಗುಲಾಬಿ, ಮಲ್ಲಿಗೆ, ಅರೀಕಾ ಪಾಮ್, ಸ್ಪೈಡರ್ ಪ್ಲಾಂಟ್ ಮೊದಲಾದವು ಮೂರನೆಯ ಗುಂಪಿನವು, ಇವುಗಳಲ್ಲಿ ವಿಷವಿಲ್ಲ. ಆದರೂ ಯಾವ ಎಲೆಯನ್ನಾದರೂ ಮಿತಿಮೀರಿ ತಿಂದರೆ ಬೆಕ್ಕು ವಾಂತಿ ಮಾಡಬಹುದು. ನಿರಪಾಯಕಾರಿ ಗಿಡಕ್ಕೂ ಕೀಟನಾಶಕವನ್ನು ಸಿಂಪಡಿಸಿದರೆ ಅದು ವಿಷವೇ ಆಗುತ್ತದೆ.

ಇನ್ನೊಂದು ಸುಲಭವಾದ ಉಪಾಯವಿದೆ. ಬೆಕ್ಕಿಗಾಗಿಯೇ ಒಂದು ಅಗಲವಾದ ಕುಂಡದಲ್ಲಿ ಗೋಧಿಯನ್ನು ಬಿತ್ತಿರಿ. ನವರಾತ್ರಿಯಲ್ಲಿ ಘಟಸ್ಥಾಪನೆಯ ಮಣ್ಣಿನಲ್ಲಿ ಧಾನ್ಯ ಮೊಳೆಯಿಸುವ ರೀತಿ ನಿಮಗೆ ಗೊತ್ತೇ ಇದೆ. ಒಂದು ವಾರದಲ್ಲಿ ಗೇಣುದ್ದದ ಹಸಿರು ಎದ್ದುನಿಲ್ಲುತ್ತದೆ. ಅಗಿಯಲು ತನ್ನದೇ ಆದ ಹುಲ್ಲು ದೊರೆತ ಬೆಕ್ಕು ಬೇರೆ ಗಿಡಗಳ ಗೊಡವೆಗೆ ಹೋಗುವುದು ಕಡಿಮೆ. ದಿನಕ್ಕೆ ಹತ್ತು ನಿಮಿಷ ಒಂದು ದಾರದ ತುದಿಯನ್ನು ಆಡಿಸಿ ಅದರೊಡನೆ ಆಡಿದರೆ, ಬಳ್ಳಿಯ ತುದಿಯು ಅದಕ್ಕೆ ಅಷ್ಟು ಆಕರ್ಷಕವಾಗಿ ತೋರದು. ಆಟ ಮುಗಿದೊಡನೆ ದಾರವನ್ನು ಎತ್ತಿಡಲು ಮರೆಯಬೇಡಿ. ಬೆಕ್ಕು ಅದನ್ನು ನುಂಗಿದರೆ ಕರುಳಿಗೆ ಸುತ್ತಿಕೊಳ್ಳಬಹುದು.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಒಮ್ಮೊಮ್ಮೆ ಅನಾಹುತವಾಗುವುದುಂಟು. ಆಗ ಗಾಬರಿಯಾಗದೆ ಕ್ರಮವಾಗಿ ನಡೆದುಕೊಳ್ಳಬೇಕು. ಮೊದಲು ಬೆಕ್ಕನ್ನು ಗಿಡದಿಂದ ದೂರ ಒಯ್ದು ಬಾಯಿಯಲ್ಲಿ ಉಳಿದ ಎಲೆಯ ಚೂರುಗಳನ್ನು ಮೆಲ್ಲನೆ ತೆಗೆಯಿರಿ. ಅದು ಕಚ್ಚುವಂತಿದ್ದರೆ ದೊಡ್ಡವರನ್ನು ಕರೆಯಿರಿ. ಮೈಗೆ ಪರಾಗವೋ ಹಾಲೋ ಅಂಟಿದ್ದರೆ ಒದ್ದೆಯ ಬಟ್ಟೆಯಿಂದ ಒರೆಸಿ, ಅದು ನೆಕ್ಕಿಕೊಳ್ಳದಂತೆ ಹಿಡಿದಿಡಿರಿ. ಎಷ್ಟು ಗಂಟೆಗೆ, ಯಾವ ಗಿಡವನ್ನು, ಎಷ್ಟು ತಿಂದಿತೆಂಬುದನ್ನು ಬರೆದುಕೊಳ್ಳಿರಿ. ಕೂಡಲೇ ಪಶುವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಿ, ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಬೆಕ್ಕಿನೊಡನೆ ಹೊರಡಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಹಾಕುವುದು, ಮನುಷ್ಯರ ಔಷಧ ಕೊಡುವುದು ಇವು ಯಾವುವನ್ನೂ ಮಾಡಬಾರದು. ಉಪ್ಪು ಬೆಕ್ಕಿಗೆ ಇನ್ನೊಂದು ವಿಷ. ಬಲವಂತವಾಗಿ ಕುಡಿಸಿದುದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಉಂಟು. ಲಿಲಿಯಾದರೆ ಬೆಕ್ಕು ಚೆನ್ನಾಗಿಯೇ ಕಾಣುತ್ತಿದ್ದರೂ ಕಾಯುತ್ತ ಕೂಡಬಾರದು. ಲಕ್ಷಣಗಳು ಕಾಣಿಸಿಕೊಳ್ಳುವವರೆಗೆ ಕಾದವರು ಬೆಕ್ಕನ್ನು ಕಳೆದುಕೊಂಡಿದ್ದಾರೆ; ಅವರಲ್ಲಿ ನಾವೂ ಒಬ್ಬರು.

ಬೆಕ್ಕು ಸಾಕದವರಿಗೂ ಈ ವಿಷಯದಲ್ಲಿ ಒಂದು ಪಾಲಿದೆ. ನಮ್ಮ ಗ್ಯಾಲರಿಯಿಂದ ನಿಮ್ಮ ಗ್ಯಾಲರಿಗೆ ಹಾರಿ ಬರುವ ಬೆಕ್ಕು ಅದು ಯಾರ ಮನೆಯೆಂದು ಕೇಳುವುದಿಲ್ಲ. ಕತ್ತರಿಸಿದ ಕಣಗಿಲೆಯ ರೆಂಬೆಗಳನ್ನು ಕಟ್ಟಡದ ಹಿಂದೆ ಬಿಸುಡುವುದು, ಬಾಡಿದ ಹೂಗುಚ್ಛವನ್ನು ಮೆಟ್ಟಿಲ ಮೂಲೆಯಲ್ಲಿ ಇಡುವುದು ಬೀದಿಯ ಬೆಕ್ಕುಗಳಿಗೆ ಕುತ್ತಾಗಬಹುದು. ೧೯೬೦ರಲ್ಲಿ ನಮ್ಮ ಸಂಸತ್ತು ಮಾಡಿದ ಪ್ರಾಣಿಹಿಂಸಾ ಪ್ರತಿಬಂಧಕ ಕಾನೂನು, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನೂ ಅದರ ಕ್ಷೇಮವನ್ನು ನೋಡಿಕೊಳ್ಳಲು ಯುಕ್ತವಾದ ಕ್ರಮಗಳನ್ನು ಕೈಕೊಳ್ಳಬೇಕೆಂದು ವಿಧಿಸಿದೆ. ಕಾನೂನು ಇರಲಿ, ಬಿಡಲಿ. ನಮ್ಮನ್ನು ನಂಬಿ ನಮ್ಮ ಮಡಿಲಲ್ಲಿ ಮಲಗುವ ಜೀವದ ವಿಷಯದಲ್ಲಿ ಇದು ನಮ್ಮ ಕರ್ತವ್ಯವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಈಗ ಇನ್ನೊಂದು ಬೆಕ್ಕಿದೆ. ಮಳೆಯಲ್ಲಿ ನೆನೆದು ಬಾಗಿಲಿಗೆ ಬಂದ ಅನಾಥ ಮರಿ ಅದು. ಗ್ಯಾಲರಿಯಲ್ಲಿ ಗುಲಾಬಿ, ಮಲ್ಲಿಗೆ ಮತ್ತು ಗೋಧಿಹುಲ್ಲಿನ ಕುಂಡಗಳಿವೆ. ಬಾಗಿಲ ಹಿಂದೆ ಗಿಡಗಳ ಹೆಸರಿನ ಪಟ್ಟಿಯೂ ಪಶುವೈದ್ಯರ ದೂರವಾಣಿಯ ಸಂಖ್ಯೆಯೂ ಅಂಟಿಸಲ್ಪಟ್ಟಿವೆ. ಸಮಾರಂಭಗಳಲ್ಲಿ ಹೂಗುಚ್ಛ ದೊರೆತರೆ, ಲಿಲಿ ಇದೆಯೇ ಎಂದು ನೋಡಿ, ಇದ್ದರೆ ಅಲ್ಲಿಯೇ ಬಿಟ್ಟು ಬರುತ್ತೇವೆ. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಇಂದು ಸಂಜೆಯೇ ಮನೆಗೆ ಹೋಗಿ ತಮ್ಮ ಗ್ಯಾಲರಿಯ ಗಿಡಗಳ ಪಟ್ಟಿಯೊಂದನ್ನು ಬರೆದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ. ಗಿಡದ ಹೆಸರನ್ನು ಓದಲು ಬೆಕ್ಕಿಗೆ ಬಾರದು; ಅದರ ಪರವಾಗಿ ಓದಬೇಕಾದವರು ನಾವೇ.